ನಾಲ್ಕನೇ ಮಣೆ: ನಿಧಾನಗತಿಯ ಹಾರರ್ ಗೇಮ್ ಒಂದನ್ನು ಗೊಡಾಟ್‌ನಲ್ಲಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಇಲ್ಲಿರುವ ಹಂತಗಳನ್ನು ಕೊನೆತನಕ ಮಾಡಿ ಮುಗಿಸಿದರೆ ನಿಮ್ಮ ಬಳಿ ಇಪ್ಪತ್ತು ನಿಮಿಷ ಆಡಬಹುದಾದ ಒಂದು ಗೇಮ್ ಇರುತ್ತದೆ. ಮಲೆನಾಡಿನ ಒಂದು ತೊಟ್ಟಿಮನೆ, ಮೂರು ಒಗಟು, ಒಂದು ಟಾರ್ಚು, ಮತ್ತೆ ಎಂದೂ ಪೂರ್ತಿಯಾಗಿ ಕಾಣಿಸಿಕೊಳ್ಳದ ಒಬ್ಬರು. ಬಂದೂಕಿಲ್ಲ, ಓಟವಿಲ್ಲ, ಸಾವೂ ಇಲ್ಲ.

ಈ ಬಗೆಯ ಆಟದಲ್ಲಿ ಭಯ ಹುಟ್ಟುವುದು ಕಾಯುವಿಕೆಯಲ್ಲಿ. ಬಾಗಿಲಿನಾಚೆ ಏನಿರಬಹುದೆಂದು ಊಹಿಸುತ್ತಾ ಆಡುವವರು ಕೈ ಮುಂದೆ ಚಾಚುವ ಎರಡು ಸೆಕೆಂಡಿಗಾಗಿಯೇ ಉಳಿದೆಲ್ಲ ಕೆಲಸ. ನಡಿಗೆಯ ವೇಗ, ಪಡಸಾಲೆಯ ಅಗಲ, ಮಳೆಯ ಸದ್ದು, ಒಗಟಿನ ಉತ್ತರ ಎಲ್ಲವನ್ನೂ ಆ ಎರಡು ಸೆಕೆಂಡಿಗೆ ಹೊಂದಿಸಬೇಕು. ಮೊದಲ ವಾರವೇ ದೆವ್ವದ ಮಾಡೆಲ್ ಮಾಡಲು ಕೂತರೆ ಪ್ರಾಜೆಕ್ಟ್ ಅಲ್ಲೇ ನಿಂತುಹೋಗುವ ಸಂಭವ ಹೆಚ್ಚು. ಈ ಮಾರ್ಗದರ್ಶಿಯಲ್ಲಿ ಆ ಕೆಲಸ ಬಹುತೇಕ ಕೊನೆಗೆ ಬರುತ್ತದೆ, ಅದೂ ಒಂದು ಸಂಜೆಯಷ್ಟು.

ಬೇಕಾದ ಸಾಮಗ್ರಿ ಕಡಿಮೆ. ಗೇಮ್ ಕಟ್ಟುವ ತಂತ್ರಾಂಶ ಗೊಡಾಟ್ 4ರ ಯಾವುದಾದರೂ ಸ್ಥಿರ ಆವೃತ್ತಿ, ಪಾತ್ರೆಪಡಗಗಳ 3ಡಿ ಮಾಡೆಲ್ ಮಾಡಲು ಬ್ಲೆಂಡರ್, ಸದ್ದು ಕತ್ತರಿಸಲು ಆಡಾಸಿಟಿ. ಮೂರೂ ಉಚಿತ. ಜೊತೆಗೆ ಒಂದು ಒಳ್ಳೆಯ ಹೆಡ್‌ಫೋನ್ ಮತ್ತು ಧ್ವನಿಮುದ್ರಣಕ್ಕೆ ನಿಮ್ಮ ಫೋನು. ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್, ಅಂದರೆ ದೃಶ್ಯವನ್ನು ಪರದೆಗೆ ಬಿಡಿಸುವ ಭಾಗದ ಆಯ್ಕೆಯಲ್ಲಿ 'ಫಾರ್ವರ್ಡ್ ಪ್ಲಸ್' ಇರಲಿ. ಬೆಳಕಿನ ಕಿರಣ ಕಾಣುವಂಥ ಮಂಜು, ಅಂದರೆ ವಾಲ್ಯೂಮೆಟ್ರಿಕ್ ಫಾಗ್, ಉಳಿದ ಎರಡು ರೆಂಡರರುಗಳಲ್ಲಿ ಸಿಗುವುದಿಲ್ಲ.

ಹಂತ 1: ಕಾಗದದ ಮೇಲೆ ಒಂದು ವಾಕ್ಯ

ಕಂಪ್ಯೂಟರ್ ಮುಟ್ಟುವ ಮೊದಲು ಇಡೀ ಗೇಮನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ ಎರಡು ಮಾತು ಒಂದಕ್ಕೊಂದು ಹೊಂದಬಾರದು. ನಮ್ಮದು ಇದು: ಆ ಮನೆಯಲ್ಲಿದ್ದವರು ಮೂವರು ಎಂದು ಎಲ್ಲರೂ ಹೇಳುತ್ತಾರೆ, ದಿನಾ ಅಕ್ಕಿ ಅಳೆದದ್ದು ನಾಲ್ವರಿಗೆ.

ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಜಮೀನಿನ ಕಾಗದ ಹುಡುಕಲು ಬರುತ್ತಾಳೆ. ಕಾಗದ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ. ಕಥೆ ಇಷ್ಟೇ ಸಾಕು. ಬಿಳಿ ಸೀರೆ, ಬಾಗಿಲ ಮೇಲೆ 'ನಾಳೆ ಬಾ' ಬರಹ, ಹುಣಸೆಮರ ಯಾವುದೂ ಬೇಡ. ಆಡುವವರಿಗೆ ಮೊದಲೇ ಗೊತ್ತಿರುವ ಗುರುತು ಕಂಡಕೂಡಲೇ ಅವರು ಊಹಿಸುವುದನ್ನು ನಿಲ್ಲಿಸುತ್ತಾರೆ, ಅಲ್ಲಿಗೆ ಭಯವೂ ನಿಲ್ಲುತ್ತದೆ. ಅಕ್ಕಿ ಅಳೆಯುವ ಪಾವಿನಿಂದ ಹೆದರಿಸಬಹುದೆಂದು ಯಾರೂ ನಿರೀಕ್ಷಿಸಿರುವುದಿಲ್ಲ.

ಇನ್ನೊಂದು ಹಾಳೆಯಲ್ಲಿ ನಿಮಿಷಗಳ ಪಟ್ಟಿ ಮಾಡಿ. 0ರಿಂದ 4: ಹೊರಜಗಲಿ, ಫ್ಯೂಸ್ ಹಾಕುವುದು. 4ರಿಂದ 7: ತೊಟ್ಟಿಯ ಸುತ್ತ ಮೊದಲ ಸುತ್ತು, ಗೋಡೆಯ ಮೇಲಿನ ಫೋಟೊ. 7ರಿಂದ 12: ಅಡುಗೆಮನೆ, ಲೆಕ್ಕದ ಪುಸ್ತಕ. 12ಕ್ಕೆ ಮಳೆ ನಿಲ್ಲುತ್ತದೆ. 12ರಿಂದ 17: ಮಣೆಗಳು. 17ರಿಂದ 20: ಅಟ್ಟ. ಮೊದಲ ಏಳು ನಿಮಿಷದಲ್ಲಿ ಅಸಹಜವಾದದ್ದು ಏನೂ ನಡೆಯಬಾರದು. ಇದು ಕಷ್ಟದ ನಿಯಮ. ಬೇಸರವಾದೀತೆಂದು ಅಳುಕಿ ಎರಡನೇ ನಿಮಿಷಕ್ಕೇ ಒಂದು ಬಾಗಿಲು ಬಡಿಸುವ ಆಸೆ ಬರುತ್ತದೆ. ಆದರೆ ಮನೆ ಸರಿಯಾಗಿದ್ದಾಗ ಹೇಗಿತ್ತು ಎಂದು ಕಣ್ಣಿಗೆ ರೂಢಿಯಾಗದಿದ್ದರೆ, ಮುಂದೆ ಅದು ಬದಲಾದದ್ದು ಗೊತ್ತಾಗುವುದೇ ಇಲ್ಲ.

ಹಂತ 2: ಡಬ್ಬಿಗಳಿಂದ ಮನೆ

ತೊಟ್ಟಿಮನೆಯನ್ನು ಆರಿಸಿದ್ದಕ್ಕೆ ಕಾರಣ ಅದರ ನಕ್ಷೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ನಾಲ್ಕೂ ಕಡೆ ಪಡಸಾಲೆ, ಅದರಾಚೆ ಕೋಣೆಗಳು. ನಡೆಯುತ್ತಾ ಹೋದರೆ ಹೊರಟಲ್ಲಿಗೇ ಬರುತ್ತೀರಿ. ಎಲ್ಲಿ ನಿಂತರೂ ಎದುರಿನ ಪಡಸಾಲೆ ಕಾಣುತ್ತದೆ, ಅಲ್ಲಿಗೆ ನೇರ ಹೋಗಲಾಗುವುದಿಲ್ಲ. ಕೊನಾಮಿ 2014ರಲ್ಲಿ ಬಿಡುಗಡೆ ಮಾಡಿ ಮರುವರ್ಷ ಹಿಂತೆಗೆದುಕೊಂಡ 'ಪಿ.ಟಿ.' ಎಂಬ ಹಾರರ್ ಗೇಮ್ ಒಂದೇ ಓಣಿಯನ್ನು ಮತ್ತೆ ಮತ್ತೆ ನಡೆಸಿ, ಪ್ರತಿ ಸಲ ಚೂರು ಬದಲಿಸಿ ಹೆದರಿಸಿತ್ತು. ಅಲ್ಲಿ ಓಣಿಯ ಕೊನೆಯ ಬಾಗಿಲು ಮತ್ತೆ ಓಣಿಯ ಮೊದಲಿಗೇ ತಂದುಬಿಡುವ ಮಾಯೆ ಬೇಕಾಗಿತ್ತು. ತೊಟ್ಟಿಮನೆಗೆ ಅಂಥದ್ದೇನೂ ಬೇಡ, ಸುತ್ತು ಮನೆಯಲ್ಲೇ ಇದೆ.

ಅಳತೆ ಹೀಗಿರಲಿ. ಗೊಡಾಟ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್. ತೊಟ್ಟಿ 4×4 ಮೀಟರ್, ಪಡಸಾಲೆಯ ಅಗಲ 1.2, ಮಾಡಿನ ಎತ್ತರ ಒಳಗೋಡೆಯ ಬಳಿ 2.6 ಇದ್ದದ್ದು ತೊಟ್ಟಿಯ ಅಂಚಿಗೆ 2ಕ್ಕೆ ಇಳಿಯಲಿ. ಬಾಗಿಲು 0.9 ಅಗಲ, 1.75 ಎತ್ತರ. ಹಳೆಯ ಮನೆಯ ಬಾಗಿಲು ತಗ್ಗಾಗಿಯೇ ಇರುತ್ತದೆ, ದಾಟುವಾಗ ತಲೆ ತಾಗೀತು ಎನಿಸಬೇಕು. ಗೊಡಾಟ್‌ನಲ್ಲಿ ಗೇಮ್ ಕಟ್ಟುವ ಬಿಡಿಭಾಗಗಳಿಗೆ 'ನೋಡ್' ಎನ್ನುತ್ತಾರೆ. ಗೋಡೆಗಳಿಗೆ ಡಬ್ಬಿಯಾಕಾರದ 'ಸಿಎಸ್‌ಜಿ ಬಾಕ್ಸ್ 3ಡಿ' ನೋಡ್ ಬಳಸಿ, ಪ್ರತಿಯೊಂದರಲ್ಲೂ 'ಯೂಸ್ ಕೊಲಿಷನ್' ಗುರುತು ಹಾಕಿ. ಮರೆತರೆ ಗೋಡೆಯೊಳಗೆ ನುಗ್ಗಿಬಿಡುತ್ತೀರಿ. ಎಲ್ಲ ಒಗಟೂ ಈ ಬೂದು ಡಬ್ಬಿಗಳಲ್ಲೇ ಕೆಲಸ ಮಾಡುವತನಕ ಟೆಕ್ಸ್‌ಚರ್, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರ, ಹಾಕಬೇಡಿ.

ಆಡುವ ಪಾತ್ರಕ್ಕೆ 'ಕ್ಯಾರೆಕ್ಟರ್ ಬಾಡಿ 3ಡಿ'. ಅದರ ಮೈಯಾಗಿ ಕೆಲಸ ಮಾಡುವ ಕ್ಯಾಪ್ಸೂಲಿನ ತ್ರಿಜ್ಯ 0.28, ಎತ್ತರ 1.65, ಕ್ಯಾಮೆರಾ ನೆಲದಿಂದ 1.55. ತ್ರಿಜ್ಯವನ್ನು 0.4ಕ್ಕೆ ಏರಿಸಿದರೆ 0.9ರ ಬಾಗಿಲಲ್ಲಿ ಭುಜ ಸಿಕ್ಕಿಹಾಕಿಕೊಳ್ಳುತ್ತದೆ; ಒಮ್ಮೆ ಹಾಗೆ ಸಿಕ್ಕಿಕೊಂಡರೆ ಆಡುವವರಿಗೆ ಮನೆ ಮರೆತು ಪ್ರೋಗ್ರಾಮು ನೆನಪಾಗುತ್ತದೆ.

ಈಗ ವೇಗ. ಗೊಡಾಟ್ ಕೊಡುವ ಸಿದ್ಧ ಸ್ಕ್ರಿಪ್ಟಿನಲ್ಲಿ ವೇಗ ಸೆಕೆಂಡಿಗೆ 5 ಮೀಟರ್, ಅಂದರೆ ಜೋರು ಓಟ. ಅದನ್ನು 1.6ಕ್ಕೆ ಇಳಿಸಿ, ಜಿಗಿತವನ್ನು ಅಳಿಸಿಹಾಕಿ. ನಮ್ಮ ಪಡಸಾಲೆಯ ನಡುಗೆರೆ ಹಿಡಿದು ಒಂದು ಸುತ್ತು 20.8 ಮೀಟರ್. 5ರ ವೇಗದಲ್ಲಿ ಅದು ನಾಲ್ಕೇ ಸೆಕೆಂಡು. 1.6ರಲ್ಲಿ 13 ಸೆಕೆಂಡು, ಪ್ರತಿ ಬದಿಗೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು. ಒಂದು ಸದ್ದು ಕೇಳಿ, ಅದು ಎಲ್ಲಿಂದ ಬಂತೆಂದು ಯೋಚಿಸಿ, ಮುಂದಿನ ಮೂಲೆ ತಿರುಗಲು ಅಷ್ಟು ಹೊತ್ತು ಬೇಕು. 1.2ಕ್ಕಿಂತ ಕೆಳಗೆ ಹೋದರೆ ಬರೀ ಕಿರಿಕಿರಿ.

ಬಾಗಿಲುಗಳ ಬಗ್ಗೆ ವಿಶೇಷ ಗಮನ ಕೊಡಿ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ತಂದ 'ಅಮ್ನೀಸಿಯಾ: ದ ಡಾರ್ಕ್ ಡಿಸೆಂಟ್'ನಲ್ಲಿ ಬಾಗಿಲನ್ನು ಮೌಸಿನಿಂದ ಹಿಡಿದು ಎಳೆಯಬೇಕು. ಬೆರಳಗಲ ತೆರೆದು ಇಣುಕಬಹುದು, ಹೆದರಿ ಮತ್ತೆ ಮುಚ್ಚಬಹುದು. ನಾವು ಹೇಳುತ್ತಿರುವ ಎರಡು ಸೆಕೆಂಡು ಅಲ್ಲಿ ಆಡುವವರ ಕೈಯಲ್ಲೇ ಇದೆ. ಗೊಡಾಟ್‌ನ 'ಹಿಂಜ್ ಜಾಯಿಂಟ್'ನಿಂದ ಹೀಗೆ ಮಾಡಹೊರಟರೆ ಬಾಗಿಲು ಅದುರುತ್ತದೆ, ಗೋಡೆಗೆ ಬಡಿದು ಹಾರುತ್ತದೆ. ಅದರ ಬದಲು ಬಾಗಿಲನ್ನು 'ಅನಿಮೇಟಬಲ್ ಬಾಡಿ 3ಡಿ' ಮಾಡಿ, ತಿರುಗುವ ಬಿಂದುವನ್ನು ತಿರುಗುಣಿಯ ಜಾಗದಲ್ಲಿಡಿ. ಕ್ಲಿಕ್ ಒತ್ತಿಹಿಡಿದಾಗ ಮೌಸಿನ ಚಲನೆಯನ್ನು ನೇರ ಕೋನಕ್ಕೆ ಸೇರಿಸಿ, ಕೋನವನ್ನು 0 ಮತ್ತು 100 ಡಿಗ್ರಿಗಳ ನಡುವೆ ಕಟ್ಟಿಹಾಕಿ. ಬಾಗಿಲು ಯಾವಾಗಲೂ ಆಡುವವರಿಂದ ಆಚೆಗೆ ತೆರೆಯಲಿ, ಇಲ್ಲವಾದರೆ ಅವರನ್ನೇ ಗೋಡೆಗೆ ಒತ್ತಿಬಿಡುತ್ತದೆ.

ಹಂತ 3: ಕತ್ತಲೆ

ಬಲ್ಬು ಹಾಕದೆಯೂ ನಿಮ್ಮ ಮನೆ ಬೂದುಬೂದಾಗಿ ಬೆಳಗುತ್ತಿದ್ದರೆ ಅದು ಆಕಾಶದ ಬೆಳಕು. 'ವರ್ಲ್ಡ್ ಎನ್ವಿರಾನ್‌ಮೆಂಟ್' ನೋಡ್ ಸೇರಿಸಿ, ಹಿನ್ನೆಲೆಯನ್ನು ಕಸ್ಟಮ್ ಕಲರ್‌ಗೆ ತಿರುಗಿಸಿ ಕಪ್ಪು ಕೊಡಿ. ಆಂಬಿಯೆಂಟ್ ಲೈಟಿನ ಮೂಲವನ್ನೂ 'ಕಲರ್' ಮಾಡಿ, ಮಂಕು ನೀಲಿ ಬಣ್ಣ, ಎನರ್ಜಿ 0.05ರಿಂದ 0.1. ಪೂರ್ತಿ 0 ಮಾಡಬೇಡಿ. ಏನೂ ಕಾಣದ ಕಪ್ಪಿನಲ್ಲಿ ಊಹಿಸಲು ಏನೂ ಇರುವುದಿಲ್ಲ. ಕಂಬವೋ ಮನುಷ್ಯರೋ ಎಂಬ ಅನುಮಾನ ಹುಟ್ಟುವುದು ಅರೆಗತ್ತಲಿನಲ್ಲಿ.

ಟಾರ್ಚಿಗೆ 'ಸ್ಪಾಟ್ ಲೈಟ್ 3ಡಿ', ಕ್ಯಾಮೆರಾ ತಿರುಗಿದಂತೆ ತಿರುಗಲು ಅದರ ಕೆಳಗಿನ ನೋಡ್ ಆಗಿ, ಬಲಕ್ಕೆ 0.2 ಮತ್ತು ಕೆಳಗೆ 0.25 ಮೀಟರ್ ಸರಿಸಿ. ಕೋನ 22 ಡಿಗ್ರಿ, ದೂರ 6 ಮೀಟರ್. 'ಶ್ಯಾಡೋ' ತಾನಾಗಿ ಚಾಲೂ ಇರುವುದಿಲ್ಲ, ನೀವೇ ಹಾಕಬೇಕು. ಹಾಕದಿದ್ದರೆ ಬೆಳಕು ಗೋಡೆ ತೂರಿ ಪಕ್ಕದ ಕೋಣೆಯ ನೆಲದ ಮೇಲೆ ಬೀಳುತ್ತದೆ. ಆ 6 ಮೀಟರ್ ಲೆಕ್ಕ ಹಾಕಿ ಇಟ್ಟದ್ದು. ಪಡಸಾಲೆಯ ಒಂದು ಮೂಲೆಯಿಂದ ಕರ್ಣರೇಖೆಯಲ್ಲಿ ಎದುರು ಮೂಲೆಗೆ ಸುಮಾರು 7.3 ಮೀಟರ್. ಟಾರ್ಚಿನ ಬೆಳಕು ತೊಟ್ಟಿ ದಾಟಿ ಹೋಗುತ್ತದೆ, ಆ ಮೂಲೆಯನ್ನು ಮಾತ್ರ ಮುಟ್ಟುವುದಿಲ್ಲ. ಏಳನೇ ಹಂತದಲ್ಲಿ ಇದು ಬೇಕಾಗುತ್ತದೆ.

ಮಂಜು ಈ ಪ್ರಕಾರದ ಹಳೆಯ ಗೆಳೆಯ. 1999ರಲ್ಲಿ ಪ್ಲೇಸ್ಟೇಷನ್‌ಗೆ ಬಂದ 'ಸೈಲೆಂಟ್ ಹಿಲ್'ನಲ್ಲಿ ದೂರದ ಬೀದಿಗಳನ್ನು ಬಿಡಿಸುವಷ್ಟು ಶಕ್ತಿ ಯಂತ್ರಕ್ಕಿರಲಿಲ್ಲ. ಆ ಕೊರತೆಯನ್ನು ಮಂಜು ಮತ್ತು ಕತ್ತಲೆಯಿಂದ ಮುಚ್ಚಿದರು, ಮುಚ್ಚಿದ್ದೇ ಆ ಊರಿನ ಆತ್ಮವಾಯಿತು. ಮಳೆಗಾಲದ ತೊಟ್ಟಿಗೂ ಅದು ಒಪ್ಪುತ್ತದೆ. ವಾಲ್ಯೂಮೆಟ್ರಿಕ್ ಫಾಗಿನ ಸಾಂದ್ರತೆ ಮೊದಲಿಗೆ 0.05 ಇರುತ್ತದೆ, 0.015ಕ್ಕೆ ಇಳಿಸಿ. 'ಲೆಂತ್' 64ರಿಂದ 24ಕ್ಕೆ ಇಳಿಸಿದರೆ ಹತ್ತಿರದ ಮಂಜು ಹೆಚ್ಚು ನಯವಾಗುತ್ತದೆ. ಟಾರ್ಚು ಬೀಸಿದಾಗ ಬೆಳಕಿನ ಬಾಲ ಹಿಂದೆ ಉಳಿದಂತೆ ಕಂಡರೆ ಅದಕ್ಕೆ ಕಾರಣ 'ಟೆಂಪೊರಲ್ ರೀಪ್ರೊಜೆಕ್ಷನ್', ಅಂದರೆ ಹಿಂದಿನ ಫ್ರೇಮುಗಳ ಮಂಜನ್ನು ಸೇರಿಸಿಕೊಳ್ಳುವ ಉಪಾಯ. ಅದರ ಪ್ರಮಾಣವನ್ನು ಸ್ವಲ್ಪ ತಗ್ಗಿಸಿ, ಅಥವಾ ಟಾರ್ಚಿನ ಫಾಗ್ ಎನರ್ಜಿಯನ್ನು 0.3ಕ್ಕೆ ತನ್ನಿ.

ಹಂತ 4: ಸದ್ದು

ಅರ್ಧ ಸಮಯ ಇಲ್ಲೇ ಕಳೆಯಿರಿ. ಚಿತ್ರ ಸಾಧಾರಣವಾಗಿದ್ದು ಸದ್ದು ಚೆನ್ನಾಗಿದ್ದರೆ ಗೇಮ್ ಬದುಕುತ್ತದೆ. ಇದನ್ನು ತಿರುಗಿಸಿದರೆ ಬದುಕುವುದಿಲ್ಲ.

ಮೊದಲು ನೆಲಹಾಸಿನಂಥ ಸದ್ದು: ಹೆಂಚಿನ ಮೇಲೆ ಮಳೆ, ತೊಟ್ಟಿಗೆ ಬೀಳುವ ಸೂರಿನ ನೀರು. ಜೂನ್‌ನಿಂದ ಆಗಸ್ಟ್ ಒಳಗೆ ಹೆಂಚಿನ ಮನೆಯ ಒಳಗೆ ಕೂತು ಫೋನಿನಲ್ಲಿ ಹತ್ತು ನಿಮಿಷ ಹಿಡಿದುಕೊಳ್ಳಿ, ಫೋನನ್ನು ದಿಂಬಿನ ಮೇಲಿಟ್ಟರೆ ಕೈಯ ಕರಕರ ಸದ್ದು ಸೇರುವುದಿಲ್ಲ. ಅದರಲ್ಲಿ ಮೂರು ನಿಮಿಷದ ಸಮನಾದ ಭಾಗ ಕತ್ತರಿಸಿ, ತಲೆ ಬಾಲ ಎರಡನ್ನೂ ನಾಲ್ಕು ಸೆಕೆಂಡು ಒಂದರ ಮೇಲೊಂದು ಹಾಯಿಸಿ ಲೂಪ್ ಮಾಡಿ. ಮೂವತ್ತು ಸೆಕೆಂಡಿನ ಲೂಪಾದರೆ ನಾಲ್ಕನೇ ಸುತ್ತಿಗೆ ಕಿವಿ ಅದನ್ನು ಹಿಡಿದುಬಿಡುತ್ತದೆ. ಓಗ್ ಕಡತವಾಗಿ ಉಳಿಸಿ, ಗೊಡಾಟ್‌ನ ಇಂಪೋರ್ಟ್ ಪಟ್ಟಿಯಲ್ಲಿ ಲೂಪ್ ಗುರುತು ಹಾಕಲು ಮರೆಯಬೇಡಿ. ಮೂರು ನಿಮಿಷಕ್ಕೆ ಮಳೆ ತಟ್ಟನೆ ನಿಂತರೆ ಹನ್ನೆರಡನೇ ನಿಮಿಷದ ನಿಲುಗಡೆ ವ್ಯರ್ಥ.

ಆ ನಿಲುಗಡೆಯೇ ಇಡೀ ಆಟದ ಅತಿ ದೊಡ್ಡ ಘಟನೆ. ಹನ್ನೆರಡು ನಿಮಿಷ ಕಿವಿ ತುಂಬಿದ್ದ ಮಳೆ ಆರು ಸೆಕೆಂಡಿನಲ್ಲಿ ಕರಗಿಹೋಗಬೇಕು. ಆಮೇಲೆ ಇಪ್ಪತ್ತು ಸೆಕೆಂಡು ಸೂರಿನ ಹನಿ ಬಿಟ್ಟು ಏನೂ ಇರಬಾರದು. ಆಗ ಆಡುವವರು ತಮ್ಮ ಹೆಜ್ಜೆಯನ್ನೇ ಮೊದಲ ಸಲ ಕೇಳುತ್ತಾರೆ, ಬಹುಪಾಲು ಜನ ನಡೆಯುವುದನ್ನೇ ನಿಲ್ಲಿಸುತ್ತಾರೆ. ಅಷ್ಟು ಹೊತ್ತಿಗೆ ಅಡುಗೆಮನೆಯ ದಿಕ್ಕಿನಿಂದ ಅಕ್ಕಿ ಸುರಿಯುವ ಸದ್ದು, ಒಂದೇ ಸಲ. ಇಷ್ಟಕ್ಕೆ ಒಂದೂ ಚಿತ್ರ ಬರೆಯಬೇಕಾಗಿಲ್ಲ.

ಹೆಜ್ಜೆ ಸದ್ದನ್ನು ಗಡಿಯಾರಕ್ಕೆ ಕಟ್ಟಬೇಡಿ, ದೂರಕ್ಕೆ ಕಟ್ಟಿ: ಪ್ರತಿ 0.7 ಮೀಟರಿಗೆ ಒಂದು. ಕೆಂಪು ಗಾರೆನೆಲ, ಮರದ ಅಟ್ಟ, ಒದ್ದೆ ಕಲ್ಲು ಮೂರಕ್ಕೂ ಕನಿಷ್ಠ ಐದೈದು ಮುದ್ರಿಕೆ ಬೇಕು. ಅವನ್ನು 'ಆಡಿಯೊ ಸ್ಟ್ರೀಮ್ ರಾಂಡಮೈಜರ್' ಒಳಗೆ ಹಾಕಿ ಶ್ರುತಿಯನ್ನೂ ಚೂರು ಅತ್ತಿತ್ತ ಬಿಡಿ. ಇಲ್ಲದಿದ್ದರೆ ಮೆಷಿನ್ ನಡೆದಂತೆ ಕೇಳುತ್ತದೆ.

ಮನೆಯ ಬಿಡಿ ಸದ್ದುಗಳಿಗೆ, ಅಂದರೆ ತೊಲೆ ಕಿರುಗುಟ್ಟುವುದು, ಹೆಂಚಿನ ಮೇಲೆ ಏನೋ ಓಡುವುದು, ತಾಮ್ರದ ಹಂಡೆಯ ಟಣ್ ಇವಕ್ಕೆ 25ರಿಂದ 70 ಸೆಕೆಂಡಿನ ನಡುವೆ ಯದ್ವಾತದ್ವಾ ಅವಧಿಯ ಟೈಮರ್ ಇಡಿ. ಪ್ರತಿ ಸದ್ದೂ ಆಡುವವರು ಇಲ್ಲದ ಕೋಣೆಯಿಂದ ಬರಲಿ. ಇಲ್ಲಿ ಎರಡು ತೊಡಕುಂಟು. 'ಆಡಿಯೊ ಸ್ಟ್ರೀಮ್ ಪ್ಲೇಯರ್ 3ಡಿ'ಯ 'ಯೂನಿಟ್ ಸೈಜ್' 10 ಇರುತ್ತದೆ, ಅದು ಬಯಲಿಗೆ ಸರಿ, ಮನೆಗೆ 2.5ಕ್ಕೆ ಇಳಿಸದಿದ್ದರೆ ಎಲ್ಲ ಸದ್ದೂ ಪಕ್ಕದಲ್ಲೇ ಆದಂತಿರುತ್ತದೆ. ಎರಡನೆಯದಾಗಿ, ಗೊಡಾಟ್‌ಗೆ ಗೋಡೆ ಸದ್ದನ್ನು ತಡೆಯುತ್ತದೆಂದು ತಾನಾಗಿ ಗೊತ್ತಿಲ್ಲ. ಆಡಿಯೊ ಪಟ್ಟಿಯಲ್ಲಿ 'ಗೋಡೆಯಾಚೆ' ಎಂಬ ಬಸ್, ಅಂದರೆ ಸದ್ದು ಹಾದುಹೋಗುವ ಒಂದು ದಾರಿ, ಮಾಡಿ ಅದಕ್ಕೆ ಮೇಲಿನ ಸ್ವರಗಳನ್ನು ತಡೆಯುವ 800 ಹರ್ಟ್ಸ್‌ನ ಲೋ ಪಾಸ್ ಫಿಲ್ಟರ್ ಹಾಕಿ. ಸದ್ದು ಹೊರಡುವಾಗ ಅಲ್ಲಿಂದ ಆಡುವವರ ಕಡೆಗೆ ಅಡ್ಡ ಏನಿದೆ ಎಂದು ನೋಡುವ, ಕಣ್ಣಿಗೆ ಕಾಣದ ಒಂದು ಕಿರಣ ಹಾಯಿಸಿ, ನಡುವೆ ಗೋಡೆ ಸಿಕ್ಕರೆ ಆ ಬಸ್ಸಿಗೆ ತಿರುಗಿಸಿ.

ಹಿನ್ನೆಲೆ ಸಂಗೀತ ಬೇಡವೇ ಬೇಡ. ಭಯಪಡುವ ಹೊತ್ತು ಯಾವುದೆಂದು ಸಂಗೀತ ಹೇಳಿಕೊಟ್ಟುಬಿಡುತ್ತದೆ.

ಹಂತ 5: ಒಗಟುಗಳು

ಕೈ ಚಾಚುವುದಕ್ಕೆ ಕ್ಯಾಮೆರಾದಿಂದ 1.5 ಮೀಟರಿನ 'ರೇಕ್ಯಾಸ್ಟ್ 3ಡಿ', ಅಂದರೆ ಅಂಥದ್ದೇ ಕಾಣದ ಕಿರಣ. ಮುಟ್ಟಬಹುದಾದ ವಸ್ತುಗಳನ್ನೂ ಗೋಡೆಗಳನ್ನೂ ಬೇರೆ ಬೇರೆ ಕೊಲಿಷನ್ ಲೇಯರಿನಲ್ಲಿ (ಯಾವುದಕ್ಕೆ ಯಾವುದು ತಾಗಬೇಕೆಂದು ವಿಂಗಡಿಸುವ ಗುಂಪು) ಇಟ್ಟು, ಕಿರಣ ಎರಡನ್ನೂ ನೋಡುವಂತೆ ಅದರ ಮಾಸ್ಕ್‌ನಲ್ಲಿ ಎರಡೂ ಲೇಯರನ್ನು ಗುರುತು ಮಾಡಿ. ವಸ್ತುವಿನ ಲೇಯರನ್ನಷ್ಟೇ ನೋಡಿದರೆ ಮುಚ್ಚಿದ ಕಪಾಟಿನೊಳಗಿನ ಪುಸ್ತಕವನ್ನು ಬಾಗಿಲ ಮೂಲಕವೇ ತೆಗೆದುಕೊಳ್ಳಬಹುದು.

ಮೊದಲ ಒಗಟು ಪಾಠ ಮಾತ್ರ. ಜಗಲಿಯ ಫ್ಯೂಸ್ ಹಾರಿದೆ, ಕಿಟಕಿಯ ಮೇಲೆ ತಂತಿಯ ಸುರುಳಿ ಇದೆ. ನೋಡು, ಎತ್ತಿಕೋ, ಹಾಕು ಎಂಬ ಮೂರು ಕ್ರಿಯೆ ಕಲಿತಂತಾಯಿತು. ಮೂರು ನಿಮಿಷ ಬಲ್ಬು ಉರಿದು, ಮಂಕಾಗಿ, ಆರುತ್ತದೆ. ಅಷ್ಟರಲ್ಲಿ ಅವರು ಮನೆಯನ್ನು ಬೆಳಕಿನಲ್ಲಿ ಒಮ್ಮೆ ನೋಡಿರಬೇಕು, ನಡುಮನೆಯ ಫೋಟೊವನ್ನೂ. ಅದರಲ್ಲಿ ಮೂವರಿದ್ದಾರೆ.

ಎರಡನೆಯದು ಈ ಗೇಮಿನ ಹೃದಯ. ಅಡುಗೆಮನೆಯಲ್ಲಿ ಲೆಕ್ಕದ ಪುಸ್ತಕ. ಪುಟ ತುಂಬಾ ಅಜ್ಜಿಯ ಕೈಬರಹದಲ್ಲಿ ಒಂದೇ ಸಾಲು: ಅಕ್ಕಿ, 1 ಸೇರು. ಮೂಲೆಯಲ್ಲಿ ಒಂದು ಟಿಪ್ಪಣಿ: ತಲೆಗೆ ಒಂದು ಪಾವು. ಒಂದು ಸೇರಿಗೆ ನಾಲ್ಕು ಪಾವು ಎನ್ನುವುದು ಐವತ್ತು ದಾಟಿದವರಿಗೆ ನೆನಪಿರಬಹುದು, ಇಪ್ಪತ್ತರವರಿಗೆ ಗೊತ್ತಿರುವುದಿಲ್ಲ. ಅದನ್ನು ಬರೆದು ಹೇಳಬೇಡಿ. ಹಿತ್ತಾಳೆಯ ಪಾವು, ಸೇರು ಎರಡನ್ನೂ ಅಕ್ಕಿಯ ಡಬ್ಬದ ಪಕ್ಕ ಇಡಿ. ಪಾವಿನಿಂದ ತುಂಬಿ ಸುರಿಯುವ ಅವಕಾಶ ಕೊಡಿ. ನಾಲ್ಕನೇ ಸಲ ಸುರಿದಾಗ ಸೇರು ತಲೆಗೂಡಿ ತುಂಬಲಿ. ತಮ್ಮ ಕೈಯಾರೆ ಎಣಿಸಿದ್ದನ್ನು ಅವರು ಮರೆಯುವುದಿಲ್ಲ. ಮುಂದೆ ಮಳೆ ನಿಂತ ಮೇಲೆ ಕೇಳುವ ಸದ್ದು ಯಾವುದೆಂದೂ ಅದರಿಂದಲೇ ಹೊಳೆಯುತ್ತದೆ.

ಊಟದ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿದ ನಾಲ್ಕು ಮಣೆ. ನೆಲದ ಮೇಲೆ ವರ್ಷಗಟ್ಟಲೆ ಮಣೆ ಹಾಕಿ ಸವೆದ ಗುರುತು ನಾಲ್ಕು. ಮೂರು ಸ್ಪಷ್ಟ, ಒಂದು ಮಸುಕು, ಸ್ವಲ್ಪ ದೂರ. ನಾಲ್ಕೂ ಮಣೆ ಹಾಕಿದರೆ ಅಟ್ಟದ ಬಾಗಿಲು ತೆರೆಯುತ್ತದೆ. ಉತ್ತರ ಕಷ್ಟದ್ದಲ್ಲ. ಕಷ್ಟವಿರುವುದು ಅದನ್ನು ಮಾಡುವುದರಲ್ಲಿ: ಫೋಟೊದಲ್ಲಿ ಇಲ್ಲದವರಿಗೆ ಜಾಗ ಮಾಡಿಕೊಟ್ಟು ಕರೆದವರು ಆಡುವವರೇ.

ಗೋಡೆಯ ಮೇಲೆ ಬರೆದಿಟ್ಟ ಮೂರಂಕಿಯ ಬೀಗದ ಸಂಖ್ಯೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ತನ್ನ ಬೀಗದ ಗುಟ್ಟನ್ನು ಗೋಡೆಯ ಮೇಲೆ ಯಾರು ಬರೆಯುತ್ತಾರೆ? ಅಂಥ ಒಗಟು ಭಯವನ್ನು ಪಕ್ಕಕ್ಕಿಟ್ಟು ಲೆಕ್ಕ ಮಾಡಿಸುತ್ತದೆ. ಅಲ್ಲದೆ ಮೂರಂಕಿಯಲ್ಲಿ ಸಾಧ್ಯತೆ ಸಾವಿರವೇ, ತಾಳ್ಮೆ ಇರುವವರು ಒಂದೊಂದೇ ತಿರುಗಿಸಿ ತೆಗೆದುಬಿಡುತ್ತಾರೆ. ಅಂಕಿ ಬೇಕೇ ಬೇಕೆಂದರೂ ಕನ್ನಡ ಅಂಕಿ ಬಳಸುವಾಗ ಎಚ್ಚರ: ಮಬ್ಬು ಬೆಳಕಿನಲ್ಲಿ, ಕೈಬರಹದ ಫಾಂಟಿನಲ್ಲಿ ೬ ಮತ್ತು ೯ ಸುಲಭವಾಗಿ ಅದಲುಬದಲಾಗುತ್ತವೆ.

ಮಣೆಗಳ ತಾಂತ್ರಿಕ ಕೆಲಸ ಹೀಗೆ. ನಾಲ್ಕು ಗುರುತಿಗೂ ಒಂದೊಂದು 'ಏರಿಯಾ 3ಡಿ', ತನ್ನೊಳಗೆ ಏನು ಬಂತೆಂದು ತಿಳಿಸುವ ನೋಡ್. ಮಣೆ ಹತ್ತಿರ ತಂದು ಬಿಟ್ಟರೆ ಅದು ತಾನೇ ಗುರುತಿನ ಮೇಲೆ ಸರಿಯಾಗಿ ಕೂರಬೇಕು. ಭೌತಶಾಸ್ತ್ರಕ್ಕೆ ಬಿಟ್ಟರೆ ಅಡ್ಡಡ್ಡ ಬಿದ್ದು ನಗು ತರಿಸುತ್ತದೆ. ಎಷ್ಟು ಮಣೆ ಕೂತಿವೆ ಎಂಬ ಲೆಕ್ಕವನ್ನು ಕೋಣೆಯ ಸ್ಕ್ರಿಪ್ಟಿನಲ್ಲಿ ಇಡದೆ 'ಆಟೊಲೋಡ್' ಆಗಿರುವ, ಅಂದರೆ ಆಟದುದ್ದಕ್ಕೂ ತೆರೆದೇ ಇರುವ, ಒಂದೇ ಕಡತದಲ್ಲಿಡಿ. ನಾಲ್ಕನೆಯದು ಕೂತ ಕ್ಷಣ ಏನೂ ಆಗಬಾರದು. ಆಡುವವರು ಆ ಜಾಗ ಬಿಟ್ಟು ಪಡಸಾಲೆ ಸುತ್ತಿ ಮರಳಿದಾಗ ನಾಲ್ಕೂ ಮಣೆಯ ಮುಂದೆ ಬಾಳೆಎಲೆ ಹಾಸಿರುತ್ತದೆ. ದೂರದಲ್ಲಿ ಅಟ್ಟದ ಬಾಗಿಲ ಚಿಲಕ ಸರಿದ ಸದ್ದು. ಮೂರೇ ಮಣೆ ಹಾಕಿ ಹೊರಟರೆ, ಹಿಂದಿರುಗುವಷ್ಟರಲ್ಲಿ ಒಂದು ಮಣೆ ಮತ್ತೆ ಗೋಡೆಗೆ ಒರಗಿರಲಿ. ಅದೇ ಸುಳಿವು.

ಕೆಡುವುದು ಎರಡು ಕಡೆ. ನಾಲ್ಕು ಹಾಕಿ, ಹೊರಗೆ ಹೋಗಿ, ಎಲೆ ಬಂದ ಮೇಲೆ ಯಾರಾದರೂ ಒಂದು ಮಣೆ ಎತ್ತಿದರೆ ಲೆಕ್ಕ ಮೂರಕ್ಕಿಳಿದು ಅಟ್ಟ ಮತ್ತೆ ಬೀಗಗೊಳ್ಳುತ್ತದೆ. ಹಾಗಾಗಿ ಎಲೆ ಬಂದಕೂಡಲೇ ಎತ್ತುವ ಅವಕಾಶವನ್ನು ಮುಚ್ಚಿ. ಮಣೆ ಹಿಡಿದುಕೊಂಡೇ ಬೇರೆ ಕೋಣೆಗೆ ಹೋದವರು ಅದನ್ನು ಎಲ್ಲೋ ಬಿಟ್ಟು ಮರೆಯುತ್ತಾರೆ. ಬಿಟ್ಟ ಮಣೆ ಕಣ್ಮರೆಯಾದಾಗ ತನ್ನ ಗೋಡೆಗೇ ಹಿಂದಿರುಗುವಂತೆ ಮಾಡಿ. ತಾನಾಗಿ ಹಿಂದಿರುಗಿದ ಮಣೆ ಈ ಗೇಮಿಗೆ ಹೊಂದಿಕೊಳ್ಳುತ್ತದೆ ಕೂಡ.

ಮೂರನೇ ಒಗಟಿಗೆ ಹೊಸ ನಿಯಮ ಬೇಡ. ಅಟ್ಟದ ಪೆಟ್ಟಿಗೆಗೆ ಬೀಗವಿದೆ, ಕೀಲಿ ನಡುಮನೆಯ ಫೋಟೊದ ಹಿಂದಿನ ಮೊಳೆಯಲ್ಲಿದೆ. ಫೋಟೊದಲ್ಲೀಗ ನಾಲ್ವರು. ಕತ್ತಲೆಯಲ್ಲಿ ಮತ್ತೆ ಕೆಳಗಿಳಿದು ಅದರ ಮುಂದೆ ನಿಂತು, ಅದನ್ನು ಕೈಯಿಂದ ತಿರುಗಿಸಬೇಕು.

ಹಂತ 6: ಬೆನ್ನ ಹಿಂದೆ ಬದಲಿಸುವುದು

ಎಲೆ, ಫೋಟೊ, ಮಣೆ ಎಲ್ಲ ಬದಲಾಗಬೇಕಾದದ್ದು ಕಣ್ಣು ಬೇರೆಡೆ ಇದ್ದಾಗ. ಪ್ರತಿ ವಸ್ತುವಿಗೂ 'ವಿಸಿಬಲ್ ಆನ್ ಸ್ಕ್ರೀನ್ ನೋಟಿಫೈಯರ್ 3ಡಿ' ಸೇರಿಸಿದರೆ ಅದು ಪರದೆಯಿಂದ ಆಚೆ ಹೋದಾಗ ಸಿಗ್ನಲ್ ಬರುತ್ತದೆ. ಆದರೆ ಅದು ನೋಡುವುದು ಕ್ಯಾಮೆರಾದ ದಿಕ್ಕನ್ನು. ನಡುವೆ ಗೋಡೆಯಿದ್ದರೂ ವಸ್ತು ಆ ದಿಕ್ಕಿನಲ್ಲಿದ್ದರೆ ಕಾಣುತ್ತಿದೆ ಎಂದೇ ಲೆಕ್ಕ. ಅದರ ಪರಿಣಾಮವಾಗಿ ತೊಟ್ಟಿಮನೆಯಲ್ಲಿ ಬದಲಾವಣೆ ಆಗಬೇಕಾದಾಗ ಆಗದೆ ಉಳಿಯುವುದುಂಟು. ಇದರ ಜೊತೆಗೆ ದೂರವನ್ನೂ ಸೇರಿಸಿ: 5 ಮೀಟರಿಗಿಂತ ಆಚೆ ಇದ್ದು, ವಸ್ತುವಿನಿಂದ ಕ್ಯಾಮೆರಾಗೆ ಹಾಯಿಸಿದ ಕಿರಣ ಗೋಡೆಗೆ ತಾಗಿದರೆ, ಅಥವಾ ವಸ್ತು ಪರದೆಯ ಆಚೆ 1 ಸೆಕೆಂಡಿಗಿಂತ ಹೆಚ್ಚು ಇದ್ದರೆ ಬದಲಿಸಿ. ಆ 1 ಸೆಕೆಂಡಿನ ತಡೆ ಇಲ್ಲದಿದ್ದರೆ ತಟ್ಟನೆ ತಿರುಗಿ ನೋಡಿದವರಿಗೆ ಎಲೆ ಮೂಡುವುದು ಕಾಣಿಸಿಬಿಡುತ್ತದೆ.

ಒಂದು ಸುತ್ತಿಗೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಾದರೆ ಇದು ದೆವ್ವದ ಮನೆ ಎಂದು ಖಚಿತವಾಗುತ್ತದೆ. ಒಂದೇ ಬದಲಾದರೆ 'ಮೊದಲೂ ಹೀಗೇ ಇತ್ತೇನೋ' ಎಂಬ ಸಂಶಯ ಉಳಿಯುತ್ತದೆ.

ಹಂತ 7: ನಾಲ್ಕನೆಯವರು

ಕಾಣಿಸಿಕೊಳ್ಳುವುದು ಒಂದೇ ಸಲ. ಎಲೆ ಹಾಸಿದ್ದನ್ನು ನೋಡಿ ಹೊರಟ ಮೇಲೆ, ಪಡಸಾಲೆಯ ಮೂಲೆಯಲ್ಲಿ ನಿಂತಾಗ, ಕರ್ಣರೇಖೆಯ ಎದುರು ಮೂಲೆಯಲ್ಲಿ. 7.3 ಮೀಟರ್, ಟಾರ್ಚು ತಲುಪುವುದಿಲ್ಲ, ಮಂಕು ನೀಲಿ ಬೆಳಕಿನಲ್ಲಿ ಆಕಾರ ಮಾತ್ರ. ಮೈಯ ಮಾಡೆಲ್ ಅಷ್ಟು ದೂರಕ್ಕೆ ಸಾವಿರ ಮುಖಗಳೊಳಗೆ (ಮಾಡೆಲ್ ಕಟ್ಟುವ ಪುಟ್ಟ ಚಪ್ಪಟೆ ತುಂಡುಗಳು) ಮುಗಿಯಬಹುದು, ಅನಿಮೇಷನ್ ಬೇಡ, ಸೊಂಟ ಸ್ವಲ್ಪ ಬಾಗಿರಲಿ. ಅಲ್ಲಿಗೆ ನಡೆದುಹೋದರೆ ಬರುವುದು ಖಾಲಿ ಮೂಲೆ: ಆಡುವವರು 6.5 ಮೀಟರ್ ಒಳಗೆ ಬಂದಾಗ ಅಥವಾ ಕಂಬ ಅಡ್ಡ ಬಂದಾಗ ಮಾಯ. ಸದ್ದು ಹಾಕಬೇಡಿ. ಆ ಮೂಲೆಗೆ ನೋಡದೆಯೇ ಮುಂದೆ ಹೋದವರಿಗಾಗಿ ಮತ್ತೊಮ್ಮೆ ತೋರಿಸುವ ಆಸೆಯನ್ನೂ ಬಿಟ್ಟುಬಿಡಿ. ಕೆಲವರಿಗೆ ಕಂಡು ಕೆಲವರಿಗೆ ಕಾಣದೆ ಉಳಿದರೆ ಆಮೇಲೆ ಅವರವರೇ ಮಾತಾಡಿಕೊಳ್ಳುತ್ತಾರೆ.

ಸಾವು ಬೇಡ ಎಂದದ್ದಕ್ಕೆ ಕಾರಣ ಹೇಳಬೇಕು. ಸತ್ತು ಮತ್ತೆ ಅಲ್ಲಿಂದಲೇ ಆಡಿದರೆ ಎರಡನೇ ಸಲಕ್ಕೆ ಅದು ಅಭ್ಯಾಸ. ಫ್ರಿಕ್ಷನಲ್‌ನವರು 2015ರ 'ಸೋಮಾ'ಗೆ ಎರಡು ವರ್ಷದ ನಂತರ 'ಸೇಫ್ ಮೋಡ್' ಸೇರಿಸಿದರು. ಅದರಲ್ಲಿ ಜೀವಿಗಳು ಕೊಲ್ಲುವುದಿಲ್ಲ, ಸುತ್ತ ಇದ್ದೇ ಇರುತ್ತವೆ. ನಮ್ಮ ಇಪ್ಪತ್ತು ನಿಮಿಷಕ್ಕೆ ಅದೇ ದಾರಿ ಸರಿ.

ಎರಡು ಮುಕ್ತಾಯ ಇಟ್ಟರೆ ಚೆನ್ನ, ಆದರೆ ಕೊನೆಗೆ ಪ್ರಶ್ನೆ ಕೇಳಿ ಆಯ್ಕೆ ಮಾಡಿಸಬೇಡಿ. 2001ರ 'ಸೈಲೆಂಟ್ ಹಿಲ್ 2' ಆಡುವವರ ನಡವಳಿಕೆಯನ್ನು ಸದ್ದಿಲ್ಲದೆ ಗಮನಿಸಿ ಮುಕ್ತಾಯ ಕೊಡುತ್ತದೆ: ಗಾಯವಾದಾಗ ಬೇಗ ಔಷಧಿ ತಗೊಂಡರೇ, ಒಂದು ಚಾಕುವನ್ನು ತೆಗೆದು ನೋಡಿದರೇ, ಹೆಂಡತಿಯ ಪತ್ರವನ್ನು ಮತ್ತೆ ಓದಿದರೇ. ನಾವು ಎಣಿಸುವುದು ಒಂದನ್ನೇ: ಅಟ್ಟಕ್ಕೆ ಹತ್ತುವ ಮೊದಲು ಸೇರಿನಲ್ಲಿದ್ದ ಅಕ್ಕಿಯನ್ನು ನಾಲ್ಕನೇ ಎಲೆಗೆ ಬಡಿಸಿದರೇ ಇಲ್ಲವೇ. ಬಡಿಸಿದವರಿಗೆ ಹೊರಬಾಗಿಲು ತೆರೆದಿರುತ್ತದೆ. ಬಡಿಸದವರು ಕಾಗದ ಹಿಡಿದು ಕೆಳಗಿಳಿದಾಗ ಮಣೆಗಳು ಐದು.

ಹಂತ 8: ಕನ್ನಡ ಅಕ್ಷರ

ಗೊಡಾಟ್ 3ರಲ್ಲಿ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಬರುತ್ತಿದ್ದವು. 4ರಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆ ಬದಲಾಗಿದ್ದು, ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟ್ ಕೊಟ್ಟರೆ ಸರಿಯಾಗಿ ಮೂಡುತ್ತದೆ. ನುಡಿ, ಬರಹಗಳ ಹಳೆಯ ಎನ್ಕೋಡಿಂಗಿನ ಫಾಂಟು ಬೇಡ.

ಒಂದು ಬಲೆ ಉಳಿದಿದೆ. ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮಕ್ಕೆ 'ಲೇಬಲ್'ನ 'ವಿಸಿಬಲ್ ಕ್ಯಾರೆಕ್ಟರ್ಸ್' ಬಳಸಿದರೆ 'ಅಕ್ಕಿ' ಎಂಬುದು ಮೊದಲು 'ಅಕ', ಆಮೇಲೆ 'ಅಕ್', ಆಮೇಲೆ 'ಅಕ್ಕ' ಎಂದು ಕುಣಿಯುತ್ತದೆ. ಜೋಡಿಸುವ ಮೊದಲೇ ಪಠ್ಯವನ್ನು ಕತ್ತರಿಸುವುದು ಅದರ ಮೂಲ ಸೆಟ್ಟಿಂಗ್. 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಅನ್ನು 'ಆಫ್ಟರ್ ಶೇಪಿಂಗ್' ಮಾಡಿ. 1080ರ ಪರದೆಯಲ್ಲಿ ಅಕ್ಷರದ ಗಾತ್ರ 34ಕ್ಕಿಂತ ಕಡಿಮೆ ಬೇಡ, ಒತ್ತುಗಳು ಮಸುಕಾಗುತ್ತವೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಹಂತ 9: ಪರೀಕ್ಷೆ ಮತ್ತು ಬಿಡುಗಡೆ

ಗೇಮಿನ ಬಗ್ಗೆ ಏನೂ ತಿಳಿಯದ ಮೂವರನ್ನು ಒಬ್ಬೊಬ್ಬರಾಗಿ, ರಾತ್ರಿ, ಹೆಡ್‌ಫೋನ್ ಹಾಕಿ ಕೂರಿಸಿ. ನೀವು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಿ. ಬರೆದುಕೊಳ್ಳಬೇಕಾದದ್ದು ಅವರು ನಿಂತ ಜಾಗ ಮತ್ತು ಸಮಯ. ಬಾಗಿಲ ಮುಂದೆ ಸುಮ್ಮನೆ ನಿಂತರೆ ಅದು ಭಯ, ಅಲ್ಲಿ ಏನೂ ಮುಟ್ಟಬೇಡಿ. ಮುಗಿಸಿದ ಕೋಣೆಗೆ ಮತ್ತೆ ಮತ್ತೆ ಹೋಗಿ ಎಲ್ಲವನ್ನೂ ಕ್ಲಿಕ್ ಮಾಡುತ್ತಿದ್ದರೆ ಅದು ದಿಕ್ಕುತಪ್ಪಿದ್ದು. ಹಾಗೆ ಮೂರು ನಿಮಿಷ ಕಳೆದರೆ ಗೇಮೇ ಸುಳಿವು ಕೊಡಬೇಕು: ಅಡುಗೆಮನೆಯಲ್ಲಿ ಪಾವು ಉರುಳಿದ ಸದ್ದು, ಅಥವಾ ಮಸುಕಾದ ನಾಲ್ಕನೇ ಗುರುತಿನ ಮೇಲೆ ಸೂರಿನ ಹನಿ. ಐದು ನಿಮಿಷ ದಾಟಿದರೆ ಭಯ ಹೋಗಿ ಸಿಟ್ಟು ಬಂದಿರುತ್ತದೆ, ಆಮೇಲೆ ಏನು ಮಾಡಿದರೂ ಹಿಂತಿರುಗಿ ಬರುವುದಿಲ್ಲ.

ಮೊದಲ ಪರದೆಯಲ್ಲಿ ಬೆಳಕು ಹೊಂದಿಸುವ ಅವಕಾಶ ಕೊಡಿ. ಕಪ್ಪು ಹಿನ್ನೆಲೆಯಲ್ಲಿ ಎರಡು ಮಣೆಯ ಚಿತ್ರ, ಒಂದು ಕಾಣಬೇಕು, ಇನ್ನೊಂದು ಕಂಡೂ ಕಾಣದಂತಿರಬೇಕು. ಒಬ್ಬೊಬ್ಬರ ಮಾನಿಟರ್ ಒಂದೊಂದು ಥರ, ಇದಿಲ್ಲದೆ ನೀವು ಅಳೆದು ತೂಗಿದ ಅರೆಗತ್ತಲು ಒಬ್ಬರಿಗೆ ಹಗಲು, ಇನ್ನೊಬ್ಬರಿಗೆ ಅಮಾವಾಸ್ಯೆ. ನಡೆಯುವಾಗ ತಲೆ ಅಲುಗುವುದನ್ನು ನಿಲ್ಲಿಸುವ ಆಯ್ಕೆಯೂ ಇರಲಿ, ಕೆಲವರಿಗೆ ವಾಕರಿಕೆ ಬರುತ್ತದೆ. ಸಾವು, ಮನೆಯವರನ್ನು ಕಳೆದುಕೊಂಡ ದುಃಖ ಕಥೆಯಲ್ಲಿದೆ ಎಂದು ವಿವರಣೆಯಲ್ಲೇ ಹೇಳಿ.

ಗೇಮುಗಳನ್ನು ಹಂಚುವ ತಾಣ ಇಚ್.ಐಒದಲ್ಲಿ ಹಾಕುವಾಗ ಬ್ರೌಸರಿನಲ್ಲೇ ಆಡುವಂತೆ ಮಾಡುವ ಆಸೆ ಬರುತ್ತದೆ. ವೆಬ್ ಆವೃತ್ತಿ 'ಕಂಪ್ಯಾಟಿಬಿಲಿಟಿ' ರೆಂಡರರಿನಲ್ಲಿ ಮಾತ್ರ ಓಡುವುದರಿಂದ ವಾಲ್ಯೂಮೆಟ್ರಿಕ್ ಮಂಜು ಪೂರ್ತಿ ಮಾಯವಾಗಿ ಎದುರು ಮೂಲೆಯ ಆಕಾರ ಗೊಂಬೆಯಂತೆ ಕಾಣುತ್ತದೆ. ವಿಂಡೋಸ್ ಮತ್ತು ಲಿನಕ್ಸ್‌ಗೆ ಜಿಪ್ ಕಡತವಾಗಿ ಕೊಡಿ. ಅಪ್‌ಲೋಡ್ ಮಾಡುವ ಮೊದಲು ಆ ಜಿಪ್ಪನ್ನು ಗೊಡಾಟ್ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಮಳೆ ನಿಲ್ಲುವವರೆಗೆ ಒಮ್ಮೆ ಆಡಿ ನೋಡಿ.